"ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ ಯಾರೂ ಏಕೆ ಕೈಗೊಳ್ಳುವುದಿಲ್ಲ?

ಪ್ರಶ್ನೆ: ನಾನು ತುಮಕೂರು ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಡಿಪ್ಲೊಮಾ ಮುಗಿಸಿ ಆಪರೇಟರ್ ಆಗಿ ಸೇರಿದವಳು, ಹೋದ ವರ್ಷ ಪ್ರಮೋಷನ್ ಆಯಿತು. ಪ್ರೆಸ್ ಶಾಪ್‌ನ 4ನೇ ಪವರ್ ಪ್ರೆಸ್‌ನಲ್ಲಿ ಲೈಟ್ ಕರ್ಟನ್ ಆಗಾಗ ಕೆಲಸ ಮಾಡುವುದಿಲ್ಲ. ಪ್ಲಾಂಟ್ ಹೆಡ್‌ಗೆ ಎರಡು ಸಲ ಮೆಮೊ ಕೊಟ್ಟೆ. "ನೋಡೋಣ" ಅಂದರು, ಅಷ್ಟೇ. ಮೆಮೊ ನಕಲು ಕಳಿಸಿದ್ದೇನೆ. ನನ್ನ ಬರವಣಿಗೆಯಲ್ಲೇ ದೋಷ ಇದೆಯಾ? ಕನ್ನಡದಲ್ಲಿ ಬರೆದಿದ್ದಕ್ಕೆ ಬೆಲೆ ಸಿಗಲಿಲ್ಲವಾ? ಶಾಪ್‌ನ ಕೆಲಸಗಾರರಿಗೂ ಮೆಮೊ ಬರೆಯಬೇಕಾಗುತ್ತದೆ. ಅದನ್ನು ಹೇಗೆ ಬರೆಯಬೇಕು?

ಉತ್ತರ: ಬರವಣಿಗೆಗಿಂತ ಮೊದಲು ಒಂದು ಮಾತು. ಲೈಟ್ ಕರ್ಟನ್ ಎಂದರೆ ಪ್ರೆಸ್ ಮುಂದಿನ ಬೆಳಕಿನ ಕಿರಣಗಳ ಪರದೆ. ಅದು ಇರುವುದೇ ಕೈ ಅಡ್ಡ ಬಂದ ಕೂಡಲೇ ಪ್ರೆಸ್ ನಿಲ್ಲಿಸುವುದಕ್ಕೆ. ಅದು ಒಮ್ಮೆ ಕೆಲಸ ಮಾಡಿ, ಒಮ್ಮೆ ಮಾಡದಿದ್ದರೆ ಪೂರ್ತಿ ಕೆಟ್ಟಿದ್ದಕ್ಕಿಂತ ಅಪಾಯ, ಏಕೆಂದರೆ ಆಪರೇಟರ್ ಅದನ್ನು ನಂಬಿಕೊಂಡಿರುತ್ತಾರೆ. ಆ ಪ್ರೆಸ್ ಇನ್ನೂ ಓಡುತ್ತಿದ್ದರೆ ಈಗಲೇ ನಿಲ್ಲಿಸಿ, ಮೇನ್ ಸ್ವಿಚ್‌ಗೆ ಬೀಗ ಹಾಕಿ, ಟ್ಯಾಗ್ ಕಟ್ಟಿ. ನಿಲ್ಲಿಸುವ ಅಧಿಕಾರ ನಿಮಗಿಲ್ಲದಿದ್ದರೆ ಅಧಿಕಾರ ಇರುವವರಿಗೆ ಫೋನ್ ಮಾಡಿ, ಅವರನ್ನು ಯಂತ್ರದ ಹತ್ತಿರ ಕರೆತನ್ನಿ. ಇಂಥ ಹೊತ್ತಿನಲ್ಲಿ ಕಾಗದ ಆಮೇಲೆ ಬರಬೇಕು. ಯಂತ್ರ ನಿಂತ ಮೇಲೆ ಅದನ್ನು ಸರಿ ಮಾಡಿಸಲು ಹಣ, ಒಪ್ಪಿಗೆ, ಸಮಯ ಬೇಕಲ್ಲ, ಮೆಮೊ ಅದಕ್ಕೆ.

ಈಗ ನಿಮ್ಮ ಮೆಮೊ ನೋಡೋಣ. ನೀವು ಬರೆದದ್ದು ಹೀಗಿದೆ:

"ವಿಷಯ: ಪ್ರೆಸ್ ಶಾಪ್ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಪ್ರೆಸ್ ಶಾಪ್‌ನಲ್ಲಿ ಕಳೆದ ಕೆಲವು ದಿನಗಳಿಂದ ಉತ್ಪಾದನೆಯ ಒತ್ತಡ ಹೆಚ್ಚಾಗಿದ್ದು, 4ನೇ ಪ್ರೆಸ್‌ನ ನಿರ್ವಹಣೆಯನ್ನು ವೇಳಾಪಟ್ಟಿಯಂತೆ ಮಾಡಲಾಗಿದ್ದು, ಆದಾಗ್ಯೂ ಸದರಿ ಯಂತ್ರದ ಸೆನ್ಸರ್‌ನಲ್ಲಿ ಆಗಾಗ್ಗೆ ತೊಂದರೆ ಕಂಡುಬರುತ್ತಿರುವುದರಿಂದ ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಲಾಗಿದೆ."

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ನಮ್ಮ ಕಚೇರಿಗಳಲ್ಲಿ ಸಾವಿರಾರು ಕಾಗದಗಳು ಹೀಗೇ ಇರುತ್ತವೆ, ನೀವೂ ಅವುಗಳನ್ನು ನೋಡಿಯೇ ಕಲಿತಿದ್ದೀರಿ. ಆದರೆ ಪ್ಲಾಂಟ್ ಹೆಡ್ ಜಾಗದಲ್ಲಿ ಕೂತು ಓದಿ. ಯಾರ ಕೈ ಹೋಗಬಹುದು ಎಂದು ಎಲ್ಲಿದೆ? "ಸೆನ್ಸರ್ ತೊಂದರೆ" ಅಂದರೆ ಅವರಿಗೆ ದಿನಕ್ಕೆ ಹತ್ತಾರು ಬರುವ ದೂರುಗಳಲ್ಲಿ ಒಂದು. ಅವರು ಏನು ಮಾಡಬೇಕು? ಸಹಿ ಹಾಕಬೇಕಾ, ಹಣ ಕೊಡಬೇಕಾ, ಯಾರನ್ನಾದರೂ ಕಳಿಸಬೇಕಾ? ಯಾವತ್ತಿನೊಳಗೆ? ಇಷ್ಟನ್ನೂ ಅವರೇ ಯೋಚಿಸಲಿ ಎಂದು ಬಿಟ್ಟುಬಿಟ್ಟಿದ್ದೀರಿ. ಕೆಲಸ ಜಾಸ್ತಿ ಇರುವವರು ಇಂಥ ಕಾಗದವನ್ನು ಪಕ್ಕಕ್ಕೆ ಇಡುತ್ತಾರೆ. ಅವರು ಕೆಟ್ಟವರೇ ಆಗಿರಬೇಕಿಲ್ಲ.

ಅಪಾಯ ಗೊತ್ತಿದ್ದೂ, ಅದನ್ನು ಕಾಗದದಲ್ಲಿ ಬರೆದೂ, ಏನೂ ಆಗದೇ ಹೋದದ್ದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಮೆಮೊ ಬರೆಯುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಎಂದು ನನ್ನ ಆಸೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1977ರ ಸೆಪ್ಟೆಂಬರ್ 24ರಂದು ಅಮೆರಿಕದ ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಅಣು ವಿದ್ಯುತ್ ಸ್ಥಾವರದಲ್ಲಿ ಒಂದು ವಾಲ್ವ್ ತೆರೆದುಕೊಂಡು ಹಾಗೇ ಸಿಕ್ಕಿಹಾಕಿಕೊಂಡಿತು. ರಿಯಾಕ್ಟರ್ ತಣಿಸುವ ನೀರು ಹೊರಗೆ ಹೋಗುತ್ತಿತ್ತು. ಆದರೆ ಕಂಟ್ರೋಲ್ ರೂಮಿನ ಮೀಟರ್ ನೀರು ಏರುತ್ತಿದೆ ಎಂದು ತೋರಿಸಿತು. ಆಪರೇಟರ್‌ಗಳು ಅದನ್ನು ನಂಬಿ, ತಾನಾಗಿ ಶುರುವಾಗಿದ್ದ ತುರ್ತು ಪಂಪುಗಳನ್ನು ನಿಲ್ಲಿಸಿದರು. ಪುಣ್ಯಕ್ಕೆ ರಿಯಾಕ್ಟರ್ ಆಗ ಪೂರ್ಣ ಸಾಮರ್ಥ್ಯದ 9%ರಷ್ಟೇ ಓಡುತ್ತಿತ್ತು. ಸುಮಾರು 20 ನಿಮಿಷದಲ್ಲಿ ವಿಷಯ ಗೊತ್ತಾಗಿ ನೀರು ಹೋಗುವುದನ್ನು ತಡೆದರು. ಯಾರಿಗೂ ಏನೂ ಆಗಲಿಲ್ಲ.

ಆ ರಿಯಾಕ್ಟರ್ ಮಾಡಿಕೊಟ್ಟ ಕಂಪನಿ ಬ್ಯಾಬ್‌ಕಾಕ್ ಆಂಡ್ ವಿಲ್‌ಕಾಕ್ಸ್. ಅಲ್ಲಿನ ಒಬ್ಬ ಎಂಜಿನಿಯರ್ ಸ್ಥಳಕ್ಕೆ ಹೋಗಿ ನೋಡಿ ಬಂದು, ನವೆಂಬರ್ 1ರಂದು ಏಳು ಜನರಿಗೆ ಮೆಮೊ ಕಳಿಸಿದರು. ಹೀಗೆ ಪಂಪು ನಿಲ್ಲಿಸಬಾರದು ಎಂದು ಆಪರೇಟರ್‌ಗಳಿಗೆ ಸೂಚನೆ ಹೋಗಬೇಕಲ್ಲವೇ ಎಂಬುದು ಅದರ ಸಾರ. ಏಳು ಜನರಲ್ಲಿ ಇದು ಯಾರ ಕೆಲಸ ಎಂದು ಗೊತ್ತಾಗುವಂತಿರಲಿಲ್ಲ. 1978ರ ಫೆಬ್ರುವರಿ 9ರಂದು ಬರ್ಟ್ ಡನ್ ಎಂಬ ಹಿರಿಯ ಎಂಜಿನಿಯರ್ ಇನ್ನೊಂದು ಬರೆದರು. ಇದು ಗಂಭೀರ ವಿಷಯ ಎಂದು ಮೊದಲ ವಾಕ್ಯದಲ್ಲೇ ಹೇಳಿದರು. ರಿಯಾಕ್ಟರ್ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿದ್ದರೆ ಇಂಧನಕ್ಕೇ ಹಾನಿ ಆಗಬಹುದಿತ್ತು ಎಂದೂ ಬರೆದರು. ಒಳ್ಳೆಯ ಮೆಮೊ. ಆದರೆ ಅದು ವಿಭಾಗದಿಂದ ವಿಭಾಗಕ್ಕೆ ಹೋಗಿ ಚರ್ಚೆಯಲ್ಲಿ ಸಿಕ್ಕಿಬಿತ್ತು.

ಆಗಸ್ಟ್ 3ರಂದು ಇನ್ನೊಬ್ಬ ಅಧಿಕಾರಿ ಮೂರನೆಯ ಮೆಮೊ ಕಳಿಸಿದರು. ನಿಮ್ಮ ಕಾಗದಕ್ಕೂ ಇದಕ್ಕೂ ಹೋಲಿಕೆ ಇದೆ. ವಿಷಯದ ಸಾಲಿನಲ್ಲಿ "ಆಪರೇಟರ್‌ಗಳು ಹೈ ಪ್ರೆಷರ್ ಇಂಜೆಕ್ಷನ್ (ಅಂದರೆ ಆ ತುರ್ತು ಪಂಪುಗಳ ನೀರು) ನಿಲ್ಲಿಸುವುದು" ಎಂದಷ್ಟೇ ಇತ್ತು. ಶುರುವಿನಲ್ಲಿ ಹಳೆಯ ಮೆಮೊಗಳ ಉಲ್ಲೇಖ, ಕಂಪನಿಯ ನೀತಿ ಬದಲಾಯಿಸುವ ಮಾತು. ರಿಯಾಕ್ಟರ್‌ನ ಇಂಧನದ ಮೇಲೆ ನೀರೇ ಇಲ್ಲದಂತಾಗಬಹುದು ಎಂಬ ಮಾತು ಅದರೊಳಗೆ ಇತ್ತು, ಆದರೆ ನಡುವೆ ಎಲ್ಲೋ. ಓದಿದ ಮ್ಯಾನೇಜರ್ ಇದು ಮಾಮೂಲಿ ವಿಷಯ ಎಂದುಕೊಂಡು ಕೈಕೆಳಗಿನವರಿಗೆ ದಾಟಿಸಿದರು. ಉತ್ತರ ಹೋಗಲಿಲ್ಲ.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲ್ಯಾಂಡ್‌ನಲ್ಲಿ, ಅದೇ ಕಂಪನಿ ಮಾಡಿದ ರಿಯಾಕ್ಟರ್‌ನಲ್ಲಿ ಅದೇ ರೀತಿ ವಾಲ್ವ್ ಸಿಕ್ಕಿಕೊಂಡಿತು. ಆಪರೇಟರ್‌ಗಳು ಮೀಟರ್ ನಂಬಿ ತುರ್ತು ನೀರು ಕಡಿಮೆ ಮಾಡಿದರು. ಈ ಸಲ ರಿಯಾಕ್ಟರ್ ಹೆಚ್ಚು ಕಡಿಮೆ ಪೂರ್ಣ ಸಾಮರ್ಥ್ಯದಲ್ಲಿತ್ತು. ಇಂಧನದ ಸುಮಾರು ಅರ್ಧ ಭಾಗ ಕರಗಿತು. ಮೊದಲ ಮೆಮೊ ಹೊರಟು ಆಗಲೇ ಹದಿನಾರು ತಿಂಗಳು ದಾಟಿತ್ತು. ಅದರಲ್ಲಿದ್ದ ಎಚ್ಚರಿಕೆ ಆ ಆಪರೇಟರ್‌ಗಳವರೆಗೆ ತಲುಪಿಯೇ ಇರಲಿಲ್ಲ. ಈ ಅಪಘಾತದ ತನಿಖೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ಕೆಮೆನಿ ಆಯೋಗ ಆಮೇಲೆ ಈ ಮೆಮೊಗಳನ್ನು ಒಂದೊಂದಾಗಿ ತೆಗೆದು ನೋಡಿತು.

ಬರೆದವರು ತಿಳಿದವರು, ಪ್ರಾಮಾಣಿಕರು. ಆದರೂ ಆಗಲಿಲ್ಲ. ಯಾರು, ಏನು, ಯಾವಾಗ ಮತ್ತು ಮಾಡದಿದ್ದರೆ ಏನಾಗುತ್ತದೆ, ಈ ನಾಲ್ಕೂ ಒಬ್ಬ ಮನುಷ್ಯನ ಕಣ್ಣಿಗೆ ಒಟ್ಟಿಗೆ ಬೀಳಲೇ ಇಲ್ಲ. ನಿಮ್ಮ ಮೆಮೊದಲ್ಲೂ ಕೊರತೆ ಇದೇ. ಹಾಗಾಗಿ ನಾನಾದರೆ ಹೀಗೆ ಬರೆಯುತ್ತೇನೆ. ಅಂಕಿ, ದಿನಾಂಕಗಳನ್ನು ಉದಾಹರಣೆಗೆ ಹಾಕಿದ್ದೇನೆ, ನಿಮ್ಮವನ್ನು ತುಂಬಿಕೊಳ್ಳಿ.

ಇವರಿಗೆ: ಪ್ಲಾಂಟ್ ಹೆಡ್
ಇವರಿಂದ: (ನಿಮ್ಮ ಹೆಸರು), ಮೇಂಟೆನೆನ್ಸ್
ಪ್ರತಿ: ಪ್ರೊಡಕ್ಷನ್ ಮ್ಯಾನೇಜರ್, ಸೇಫ್ಟಿ ಆಫೀಸರ್
ದಿನಾಂಕ: ಮಾರ್ಚ್ 10, ಮಂಗಳವಾರ
ವಿಷಯ: 4ನೇ ಪ್ರೆಸ್ ಲೈಟ್ ಕರ್ಟನ್ ಕೆಟ್ಟಿದೆ, ಆಪರೇಟರ್ ಕೈಗೆ ಅಪಾಯ. ಹೊಸದಕ್ಕೆ ಶುಕ್ರವಾರದೊಳಗೆ ಒಪ್ಪಿಗೆ ಬೇಕು.

ಮಾನ್ಯರೇ,

4ನೇ ಪ್ರೆಸ್‌ಗೆ ಹೊಸ ಲೈಟ್ ಕರ್ಟನ್ ಕೊಳ್ಳಲು ಮಾರ್ಚ್ 13, ಶುಕ್ರವಾರ ಸಂಜೆ 5 ಗಂಟೆಯೊಳಗೆ ತಮ್ಮ ಒಪ್ಪಿಗೆ ಬೇಕು. ಕೊಟೇಶನ್ ಮೊತ್ತ 90,000 ರೂಪಾಯಿ.

ಈಗ ಇರುವ ಲೈಟ್ ಕರ್ಟನ್ ಮಾರ್ಚ್ 2, 5 ಮತ್ತು 9ರಂದು ಶಿಫ್ಟ್ ಶುರುವಿನ ಪರೀಕ್ಷೆಯಲ್ಲಿ ಫೇಲ್ ಆಯಿತು. ಟೆಸ್ಟ್ ರಾಡ್ ಅಡ್ಡ ಹಿಡಿದರೂ ಪ್ರೆಸ್ ನಿಲ್ಲಲಿಲ್ಲ. ಕೆಲಸದ ನಡುವೆ ಹೀಗಾದರೆ ಆಪರೇಟರ್ ಬೆರಳು ಅಥವಾ ಕೈ ಕಳೆದುಕೊಳ್ಳುತ್ತಾರೆ.

ಮಾರ್ಚ್ 9ರ ಬೆಳಿಗ್ಗೆ 10 ಗಂಟೆಗೆ ಪ್ರೆಸ್ ನಿಲ್ಲಿಸಿ ಬೀಗ ಹಾಕಿದ್ದೇನೆ. ಪ್ರೊಡಕ್ಷನ್‌ನವರು ಅದರ ಕೆಲಸವನ್ನು 6ನೇ ಪ್ರೆಸ್‌ಗೆ ಹಾಕಿದ್ದಾರೆ. ದಿನಕ್ಕೆ 400 ಪೀಸ್ ಕಡಿಮೆ ಬರುತ್ತಿದೆ. ಶುಕ್ರವಾರ ಒಪ್ಪಿಗೆ ಸಿಕ್ಕರೆ ಮಾರ್ಚ್ 20ಕ್ಕೆ ಪ್ರೆಸ್ ಮತ್ತೆ ಓಡುತ್ತದೆ. ತಡವಾದರೆ ಅಲ್ಲಿಯವರೆಗೂ ನಿಂತೇ ಇರುತ್ತದೆ.

ಗುರುವಾರ ಬೆಳಿಗ್ಗೆ ತಮ್ಮನ್ನು ಬಂದು ಕಾಣುತ್ತೇನೆ.

ಲಗತ್ತು: ಪರೀಕ್ಷೆಯ ದಾಖಲೆ, ಸರ್ವೀಸ್ ಎಂಜಿನಿಯರ್ ವರದಿ, ಕೊಟೇಶನ್.

ವಿಷಯದ ಸಾಲು ಮಾತ್ರ ಓದಿದರೂ ಪ್ಲಾಂಟ್ ಹೆಡ್‌ಗೆ ತಿಳಿಯಬೇಕಾದ್ದು ತಿಳಿಯುತ್ತದೆ. ಆ ಸಾಲಿಗೆ ಜಾಸ್ತಿ ಸಮಯ ಕೊಡಿ. ಇಮೇಲ್‌ನಲ್ಲಿ ಕಳಿಸಿದರೆ ಅವರು ಮೊಬೈಲ್‌ನಲ್ಲಿ ಮೊದಲು ನೋಡುವುದು ಅದನ್ನೇ, ಎಷ್ಟೋ ಸಲ ಅದೊಂದನ್ನೇ. "ಪ್ರೆಸ್ ಶಾಪ್ ಬಗ್ಗೆ" ಎಂದರೆ ತೆರೆದು ನೋಡುವ ಕಾರಣವೇ ಇರುವುದಿಲ್ಲ. ಸಣ್ಣ ವಿಷಯಕ್ಕೂ "ತುರ್ತು" ಎಂದು ಹಾಕುವ ಅಭ್ಯಾಸವೂ ಬೇಡ. ಆ ಮಾತಿನ ಜಾಗದಲ್ಲಿ ಕಾರಣ ಮತ್ತು ದಿನಾಂಕ ಇಡಿ.

"ಆಗಾಗ್ಗೆ" ಹೋಗಿ ಮೂರು ದಿನಾಂಕ ಬಂದಿದೆ ನೋಡಿ. ಇದು ಬಹಳ ಮುಖ್ಯ. "ಆಗಾಗ್ಗೆ", "ಕೆಲವು ದಿನಗಳಿಂದ", "ಸಾಕಷ್ಟು" ಇವುಗಳ ಬಗ್ಗೆ ವಾದ ಮಾಡಬಹುದು. ಮಾರ್ಚ್ 2, 5, 9 ಎಂಬುದರ ಬಗ್ಗೆ ವಾದ ಇಲ್ಲ, ಲಾಗ್ ಬುಕ್ ತೆಗೆದರೆ ಆಯಿತು. ಹಾಗೆಯೇ ನಿನ್ನೆ, ನಾಳೆ, ಬರುವ ವಾರ ಎನ್ನುವುದನ್ನು ಬಿಡಿ. ಎರಡು ದಿನ ಬಿಟ್ಟು ಓದುವವರಿಗೆ ನಿಮ್ಮ ನಾಳೆ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಇನ್ನು ಕನ್ನಡದ ಪ್ರಶ್ನೆ. ಕನ್ನಡದಲ್ಲಿ ಬರೆದದ್ದರಿಂದ ಬೆಲೆ ಸಿಗಲಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಪ್ಲಾಂಟ್ ಹೆಡ್ ಕನ್ನಡ ಸಲೀಸಾಗಿ ಓದುತ್ತಾರೆ ಎಂದಾದರೆ ಕನ್ನಡದಲ್ಲೇ ಬರೆಯಿರಿ, ನೀವು ಯೋಚಿಸುವುದೂ ಅದರಲ್ಲೇ ತಾನೇ. ಅವರು ಓದದಿದ್ದರೆ ಅಥವಾ ಕಾಗದ ಬೇರೆ ಊರಿನ ಹೆಡ್ ಆಫೀಸ್‌ಗೆ ಹೋಗುವುದಿದ್ದರೆ ಇಂಗ್ಲಿಷ್‌ನಲ್ಲಿ ಕಳಿಸಿ. ಆಗಲೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗುತ್ತದೆ.

ನಿಜವಾದ ತೊಂದರೆ ಇರುವುದು ನಾವು ಕಚೇರಿಗೆಂದು ಎತ್ತಿಟ್ಟ ಕನ್ನಡದಲ್ಲಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆರು ಸಾಲಿನ ವಾಕ್ಯ ಬರೆದರೆ, ಏನು ಮಾಡಬೇಕು ಎಂಬುದು ಆರನೇ ಸಾಲಿನ ತುದಿಯಲ್ಲೇ ಸಿಗುವುದು. "ಹೆಚ್ಚಾಗಿದ್ದು, ಮಾಡಲಾಗಿದ್ದು, ಕಂಡುಬರುತ್ತಿರುವುದರಿಂದ" ಎಂದು ಕೊಂಡಿ ಹಾಕುತ್ತಾ ಹೋದಷ್ಟೂ ಓದುವವರು ಉಸಿರು ಹಿಡಿದು ಕಾಯಬೇಕು. "ಇದ್ದು" ಬಂದ ಕಡೆಯಲ್ಲೆಲ್ಲಾ "ಇದೆ" ಎಂದು ಮುಗಿಸಿ ಪೂರ್ಣವಿರಾಮ ಹಾಕಿ. ಇದೊಂದನ್ನೇ ಮಾಡಿದರೂ ನಿಮ್ಮ ಮೆಮೊ ಅರ್ಧ ಸರಿಯಾಗುತ್ತದೆ.

"ಕೋರಲಾಗಿದೆ", "ಪರಿಶೀಲಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂಬ ಬರವಣಿಗೆ ಇನ್ನೂ ದೊಡ್ಡ ತೊಂದರೆ. ಇವುಗಳಲ್ಲಿ ಮನುಷ್ಯರೇ ಇಲ್ಲ. ಯಾರು ಕೋರಿದ್ದು, ಯಾರು ಪರಿಶೀಲಿಸುವುದು? ಹೊಣೆ ತಪ್ಪಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅಂಥ ಮನಸ್ಸೇ ಇಲ್ಲದ ನಿಮ್ಮಂಥವರೂ ರೂಢಿಯಿಂದ ಹಾಗೇ ಬರೆಯುತ್ತಾರೆ. "ಪ್ರೆಸ್ ನಿಲ್ಲಿಸಲಾಗಿದೆ" ಬೇಡ, "ಪ್ರೆಸ್ ನಿಲ್ಲಿಸಿದ್ದೇನೆ" ಎನ್ನಿ. ನಿಲ್ಲಿಸಿದ್ದು ನೀವು, ಸರಿಯಾದ ಕೆಲಸ ಮಾಡಿದ್ದೀರಿ, ಹೆಸರು ಹಾಕಿಕೊಳ್ಳಿ. ಒಂದು ಪರೀಕ್ಷೆ ಹೇಳುತ್ತೇನೆ. ಪ್ರತಿ ಕ್ರಿಯಾಪದಕ್ಕೂ "ಯಾರು?" ಎಂದು ಕೇಳಿ. ಉತ್ತರ ಕಾಗದದಲ್ಲೇ ಇರಬೇಕು.

ನೇರವಾಗಿ ಬರೆದರೆ ಮೇಲಿನವರಿಗೆ ಅಗೌರವ ಆಗುತ್ತದೆ ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕೆ ಇದೆ, ಅದರಲ್ಲೂ ಕೆಳಗಿನಿಂದ ಬಡ್ತಿ ಪಡೆದು ಬಂದವರಿಗೆ. "ಮಾನ್ಯರೇ" ಇರಲಿ, "ತಾವು" ಇರಲಿ. ಗೌರವ ಅಲ್ಲಿ ಬಂತು. ವಿಷಯವನ್ನು ಮುಚ್ಚಿ ಬರೆಯುವುದು ಗೌರವ ಅಲ್ಲ. ನಾಳೆ ಅಪಘಾತವಾದರೆ ಮೊದಲು ಉತ್ತರ ಹೇಳಬೇಕಾದವರು ಪ್ಲಾಂಟ್ ಹೆಡ್. ಅವರಿಗೆ ಸ್ಪಷ್ಟವಾಗಿ ಮೊದಲೇ ತಿಳಿಸುವುದೇ ನೀವು ಅವರಿಗೆ ಮಾಡುವ ಉಪಕಾರ. ಆದರೆ "ಎರಡು ಸಲ ಹೇಳಿದರೂ ತಾವು ಗಮನ ಕೊಟ್ಟಿಲ್ಲ" ಎಂದು ಬರೆಯಬೇಡಿ. ಹಿಂದಿನ ಎರಡು ಮೆಮೊಗಳ ದಿನಾಂಕವನ್ನು ಸುಮ್ನೆ ಲಗತ್ತಿನ ಸಾಲಿನಲ್ಲಿ ಸೇರಿಸಿ. ಓದುವವರಿಗೆ ಅರ್ಥವಾಗುತ್ತದೆ, ಮುಖಕ್ಕೆ ಹೊಡೆದಂತೆಯೂ ಆಗುವುದಿಲ್ಲ.

ಉದ್ದದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಒಂದು ಪುಟ ಸಾಕು. 1940ರ ಆಗಸ್ಟ್ 9ರಂದು, ಬ್ರಿಟನ್ ಮೇಲೆ ಜರ್ಮನಿಯ ವಿಮಾನ ದಾಳಿ ನಡೆಯುತ್ತಿದ್ದಾಗಲೇ ಪ್ರಧಾನಿ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಒಂದು ಪುಟದ ಮೆಮೊ ಕಳಿಸಿದರು. ವರದಿಗಳು ಬಹಳ ಉದ್ದವಾಗಿವೆ, ಮುಖ್ಯ ಅಂಶಗಳನ್ನು ಚಿಕ್ಕ ಪ್ಯಾರಾಗಳಲ್ಲಿ ಕೊಡಿ, ಅಂಕಿಅಂಶ ಮತ್ತು ವಿವರಗಳನ್ನು ಅನುಬಂಧಕ್ಕೆ ಹಾಕಿ ಎಂಬುದೇ ಅದರ ವಿಷಯ. ಆ ಕೊನೆಯ ಸಲಹೆ ನಿಮಗೂ ಹೊಂದುತ್ತದೆ. ಸರ್ವೀಸ್ ಎಂಜಿನಿಯರ್ ವರದಿ ಎಷ್ಟೇ ಪುಟ ಇರಲಿ, ಹಿಂದೆ ಲಗತ್ತಿಸಿ. ಬೇಕಾದವರು ಓದುತ್ತಾರೆ.

ಇಷ್ಟೆಲ್ಲಾ ಸರಿಯಾಗಿ ಬರೆದರೂ ಕೆಲಸ ಆಗದೇ ಇರಬಹುದು. ಇದನ್ನು ನಿಮಗೆ ಹೇಳದೆ ಇರುವುದು ಸರಿಯಲ್ಲ. 1985ರ ಜುಲೈ 31ರಂದು, ಅಮೆರಿಕದ ಬಾಹ್ಯಾಕಾಶ ನೌಕೆಗೆ ರಾಕೆಟ್ ಮಾಡಿಕೊಡುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲಿ ತಮ್ಮ ವೈಸ್ ಪ್ರೆಸಿಡೆಂಟ್‌ಗೆ ಬರೆದ ಮೆಮೊ ನಾನು ಓದಿದವುಗಳಲ್ಲೇ ಅತ್ಯಂತ ಸ್ಪಷ್ಟವಾದದ್ದು. ಬಾಹ್ಯಾಕಾಶ ನೌಕೆಯ ರಾಕೆಟ್‌ಗಳ ಕೀಲುಗಳಲ್ಲಿ ಇರುವ ರಬ್ಬರ್ ರಿಂಗ್ ಸವೆಯುತ್ತಿದೆ, ಮೇಲಿನವರಿಗೆ ಇದರ ಗಂಭೀರತೆ ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ ಎಂದು ಶುರು ಮಾಡಿದರು. ಜೀವಹಾನಿ ಆಗಬಹುದು ಎಂದರು, ಇದಕ್ಕೇ ಒಂದು ತಂಡ ಬೇಕು ಎಂದು ಕೇಳಿದರು. ತಂಡವೂ ಆಯಿತು. ಆದರೆ ಬೇಕಾದ ಜನ, ಸಾಮಗ್ರಿ ಸರಿಯಾಗಿ ಸಿಗಲಿಲ್ಲ. ಅದೇ ಕಂಪನಿಯ ಬಾಬ್ ಎಬೆಲಿಂಗ್ ಅಕ್ಟೋಬರ್ 1ರ ತಮ್ಮ ಮೆಮೊವನ್ನು "ಹೆಲ್ಪ್!" ಎಂಬ ಒಂದೇ ಮಾತಿನಿಂದ ಶುರು ಮಾಡಿದರು. 1986ರ ಜನವರಿ 28ರಂದು ಅಂಥದೇ ರಿಂಗ್ ಕೈಕೊಟ್ಟು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ನಾಶವಾಯಿತು. ಏಳು ಜನ ಸತ್ತರು.

ಆದ್ದರಿಂದ ಮೆಮೊ ಕೊಟ್ಟು ಸುಮ್ಮನಾಗಬೇಡಿ. ಕೊಡುವಾಗಲೇ ಎರಡು ನಿಮಿಷ ಮಾತಾಡಿ. ಕಾಗದವಾದರೆ ನಿಮ್ಮ ನಕಲಿನ ಮೇಲೆ ತಲುಪಿದ ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಗುರುವಾರ ಬಂದು ಕಾಣುತ್ತೇನೆ ಎಂದು ಬರೆದಿದ್ದರೆ ಗುರುವಾರ ಹೋಗಿ. ಅವರು ಮತ್ತೆ "ನೋಡೋಣ" ಅಂದರೆ, "ಸರ್, ಪರ್ಚೇಸ್‌ನವರಿಗೆ ಏನು ಹೇಳಲಿ?" ಎಂದು ಕೇಳಿ. ಏನೇ ಉತ್ತರ ಬರಲಿ, ಅವತ್ತು ಸಂಜೆಯೇ ಎರಡು ಸಾಲಿನ ಇಮೇಲ್ ಹಾಕಿ: "ಇಂದು ಮಾತಾಡಿದಂತೆ ಮಾರ್ಚ್ 16ರಂದು ತಾವು ತೀರ್ಮಾನ ತಿಳಿಸುತ್ತೀರಿ. ಅಲ್ಲಿಯವರೆಗೆ 4ನೇ ಪ್ರೆಸ್ ಬೀಗ ತೆಗೆಯುವುದಿಲ್ಲ." ಸೇಫ್ಟಿ ಕಮಿಟಿ ಇದ್ದರೆ ಅದರ ಸಭೆಗೂ ಈ ವಿಷಯ ಹೋಗಲಿ. ಪ್ರತಿಯನ್ನು ಇಬ್ಬರಿಗೆ ಕಳಿಸಿದ್ದೀರಿ, ಆದರೆ ಮಾಡಬೇಕಾದವರು ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತಿರಲಿ.

ಕೊನೆಗೆ ಕೆಲಸಗಾರರಿಗೆ ಬರೆಯುವ ಮೆಮೊ. ಇಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ, ಬೆರೆಸಬೇಡಿ. ಒಂದು, ಎಲ್ಲರಿಗೂ ವಿಷಯ ತಿಳಿಸುವುದು. ಇನ್ನೊಂದು, ಒಬ್ಬರಿಂದ ವಿವರಣೆ ಕೇಳುವುದು. ನಮ್ಮ ಕಾರ್ಖಾನೆಗಳಲ್ಲಿ "ಅವನಿಗೆ ಮೆಮೊ ಕೊಟ್ಟರಂತೆ" ಎಂದರೆ ಈ ಎರಡನೆಯದೇ. ಕೇಳಿದವರ ಹೊಟ್ಟೆಯಲ್ಲಿ ಭಯ ಶುರುವಾಗುತ್ತದೆ. ಹಾಗಾಗಿ ಶಿಫ್ಟ್ ಸಮಯ, ಹೊಸ ನಿಯಮ, ಯಂತ್ರದ ಸೂಚನೆ ಇಂಥವುಗಳ ಮೇಲೆ "ಸೂಚನೆ" ಅಥವಾ "ನೋಟಿಸ್" ಎಂದು ಹಾಕಿ. "ತಪ್ಪಿದಲ್ಲಿ ಶಿಸ್ತು ಕ್ರಮ" ಎಂಬ ಸಾಲನ್ನು ಪ್ರತಿ ನೋಟಿಸ್‌ನ ಬಾಲಕ್ಕೆ ಅಂಟಿಸುವುದು ಬೇಡವೇ ಬೇಡ. ಸುರಕ್ಷತೆಯ ಮಾತು ಹೇಳುವಾಗ ಬೆದರಿಸಿದರೆ ಜನ ಮುಂದಿನ ಸಲ ಕೆಟ್ಟ ಸೆನ್ಸರ್ ಬಗ್ಗೆ ನಿಮಗೆ ಹೇಳುವುದಿಲ್ಲ, ಬಚ್ಚಿಡುತ್ತಾರೆ.

ಒಬ್ಬರಿಂದ ವಿವರಣೆ ಕೇಳುವ ಮೆಮೊವನ್ನು ಎಚ್‌ಆರ್ ಜೊತೆ ಕೂತೇ ಬರೆಯಿರಿ. ಅದು ಆ ಮನುಷ್ಯನ ಫೈಲಿನಲ್ಲಿ ಉಳಿಯುವ ಕಾಗದ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನಾಯಿತು, ಅಷ್ಟೇ ಇರಲಿ. "ಬೇಜವಾಬ್ದಾರಿ", "ಉದ್ಧಟತನ" ಎಂದು ಬರೆದರೆ ಅವರ ಮಾತು ಕೇಳುವ ಮೊದಲೇ ತೀರ್ಪು ಕೊಟ್ಟಂತೆ. ಉತ್ತರ ಕೊಡಲು ಸಾಕಷ್ಟು ದಿನ ಕೊಡಿ, ಕೊನೆಯ ದಿನಾಂಕ ಬರೆಯಿರಿ.

ನೋಟಿಸ್‌ನಲ್ಲಿ ಒಂದು ಸಲಕ್ಕೆ ಒಂದೇ ವಿಷಯ ಇರಲಿ. "4ನೇ ಪ್ರೆಸ್ ಓಡಿಸಬೇಡಿ. ಲೈಟ್ ಕರ್ಟನ್ ಕೆಟ್ಟಿದೆ. ಬೀಗದ ಕೀ ಮೇಂಟೆನೆನ್ಸ್‌ನಲ್ಲಿ ಮಾತ್ರ ಇರುತ್ತದೆ. ಬೇರೆ ಪ್ರೆಸ್‌ನಲ್ಲೂ ಹೀಗೆ ಕಂಡರೆ ಕೂಡಲೇ ನಿಲ್ಲಿಸಿ, ನನಗೆ ಹೇಳಿ." ಇಷ್ಟು ಸಾಕು. ಅಕ್ಷರ ದೊಡ್ಡದಿರಲಿ, ಎರಡು ಹೆಜ್ಜೆ ದೂರದಿಂದ ಓದುವಂತಿರಲಿ. ನಿಮ್ಮ ಶಾಪ್‌ನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದರೆ ಪಕ್ಕದಲ್ಲೇ ಹಿಂದಿಯಲ್ಲೂ ಹಾಕಿ, ಕನ್ನಡ ಬರುವವರು ಆಮೇಲೆ ಹೇಳಿಕೊಡುತ್ತಾರೆ ಎಂದು ಬಿಡಬೇಡಿ. ಬೋರ್ಡ್‌ನಲ್ಲಿ ಅಂಟಿಸಿದ್ದನ್ನು ಎಲ್ಲರೂ ಓದುವುದಿಲ್ಲ. ಶಿಫ್ಟ್ ಶುರುವಾಗುವಾಗ ಎಲ್ಲರೂ ನಿಂತಿರುತ್ತಾರಲ್ಲ, ಆಗ ಗಟ್ಟಿಯಾಗಿ ಓದಿ ಹೇಳಿ, ಒಬ್ಬಿಬ್ಬರನ್ನು "ಏನು ಹೇಳಿದೆ, ನೀವು ಹೇಳಿ" ಎಂದು ಕೇಳಿ. ರಾತ್ರಿ ಪಾಳಿಗೂ ಹೀಗೇ ಆಗಬೇಕು. ಆ ಹೊತ್ತಿಗೆ ನೀವು ಇರುವುದಿಲ್ಲವಾದರೆ ಯಾರು ಓದಿ ಹೇಳುತ್ತಾರೆ ಎಂದು ಅವರ ಹೆಸರನ್ನು ನೋಟಿಸ್‌ನ ಕೆಳಗೇ ಬರೆದುಬಿಡಿ.